ಮೂರ್ಖನಾರು?

ಲೋಕದಲ್ಲಿ ಜ್ಞಾನಿಯನ್ನು ಹೆಸರಿಸಲು ಇರುವ ಮಾತುಗಳಿಗಿಂತ ಮೂರ್ಖನನ್ನು ಹೆಸರಿಸಲು ಇರುವ ಮಾತುಗಳೇ ಹೆಚ್ಚು. ನಮ್ಮ ಕನ್ನಡದಲ್ಲಿಯೇ ದಡ್ಡ, ಪೆದ್ದ, ಬೆಪ್ಪ, ಗಾಂಪ, ಮಂಕ, ಮರುಳ ಎಂದು ಎಣಿಸುತ್ತ ಹೋದರೆ ಒಂದು ಕೈಯ ಬೆರಳು ಸಾಲವು. ಸಂಸ್ಕೃತದಿಂದ ಬಂದ ಮೂರ್ಖ, ಮೂಢ, ಜಡ, ಮಂದ, ಅಜ್ಞ ಎಂಬಿವು ಬೇರೆ. ಅನ್ಯರನ್ನು ಕರೆಯಲು ಇಷ್ಟೊಂದು ಪದಗಳನ್ನು ಸಿದ್ಧಪಡಿಸಿಕೊಂಡಿರುವ ಮಾನವನು, ಇವುಗಳಲ್ಲಿ ಒಂದಾದರೂ ತನಗೆ ಒಪ್ಪುವುದೇ ಎಂದು ವಿಚಾರಿಸುವುದು ಅಪರೂಪ. ಮೂರ್ಖತನವೆಂದರೇನು? ಅದು ಬುದ್ಧಿಯ ಕೊರತೆಯೆ, ವಿದ್ಯೆಯ ಕೊರತೆಯೆ, ಅಥವಾ ಇವೆರಡೂ ಅಲ್ಲದ ಮತ್ತಾವುದೋ ಒಂದರ ಕೊರತೆಯೆ? ಈ ಪ್ರಶ್ನೆಯನ್ನು ಶರಣರ ಬೆಳಕಿನಲ್ಲಿ ನೋಡಬೇಕೆಂಬುದು ಈ ಲೇಖನದ ಉದ್ದೇಶ. ಇದಕ್ಕೆ ಪ್ರೇರಣೆಯಾದುದು ನನ್ನದೇ ಒಂದು ಅಪರಾಧ. ಅದನ್ನು ಮರೆಮಾಚದೆ ಮೊದಲೇ ಹೇಳಿಬಿಡುವುದು ಉಚಿತ.

ನಾನು ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡಿನಲ್ಲಿ ಮಠದ ಶಾಲೆಯೊಂದರ ಉಪಾಧ್ಯಾಯ. ಈ ಊರು ಹುಟ್ಟಿದುದು ೧೮೮೨ರಲ್ಲಿ. ಮೈಸೂರಿನ ಮಹಾರಾಜರಾದ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಜನರು ಬೇಸಾಯ ಮಾಡಿಕೊಂಡು ಬಾಳಲೆಂದು ೩೯೦೦ ಎಕರೆ ಭೂಮಿಯನ್ನು ಕೊಟ್ಟರು. ಅವರ ಸಂಘದ ಮುಂದಾಳುವಾಗಿದ್ದ ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಬಹುಕಾಲ ತೋಟ ತೋಪುಗಳ ನಡುವೆ ನಿದ್ರಿಸುವಂತಿದ್ದ ಈ ಊರು ೧೯೯೦ರ ದಶಕದಿಂದೀಚೆಗೆ ಗುರುತು ಸಿಕ್ಕದಷ್ಟು ಬದಲಾಯಿತು. ಕಂಪ್ಯೂಟರ್ ಕಂಪನಿಗಳು ಬಂದವು, ಮುಗಿಲು ಮುಟ್ಟುವ ಮನೆಗಳೆದ್ದವು, ೨೦೨೩ರಲ್ಲಿ ಕಾಡುಗೋಡಿಯವರೆಗೆ ಮೆಟ್ರೋ ರೈಲೂ ಬಂದಿತು. ಬುದ್ಧಿಗೆ ತಿಂಗಳು ತಿಂಗಳೂ ಬೆಲೆ ಕಟ್ಟುವ ಊರಿದು. ಆ ಬುದ್ಧಿವಂತರು ವಾಸಿಸುವ ಮನೆಗಳನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರ್ಗಿಗಳ ಕಡೆಯಿಂದ ಬಂದವರು ಆ ಕಟ್ಟಡಗಳ ಬುಡದಲ್ಲಿಯೇ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಕಟ್ಟಡ ಮುಗಿಯಿತೆಂದರೆ ಶೆಡ್ಡು ಏಳುತ್ತದೆ, ಸಂಸಾರ ಮುಂದಿನ ಕಟ್ಟಡಕ್ಕೆ ನಡೆಯುತ್ತದೆ.

ಅಂತಹ ಸಂಸಾರವೊಂದರ ಹುಡುಗನು ನಮ್ಮ ಶಾಲೆಗೆ ಸೇರಿದ್ದನು. ಲಿಂಗಸುಗೂರಿನ ಸೀಮೆಯವನು. ಒಂದು ದಿನ ತರಗತಿಯಲ್ಲಿ ಸವರ್ಣದೀರ್ಘಸಂಧಿಗೆ ಒಂದು ಉದಾಹರಣೆ ಹೇಳೆಂದು ಅವನನ್ನು ಕೇಳಿದೆ. ಎದ್ದು ನಿಂತನು, ಮಾತಾಡಲಿಲ್ಲ. ಮತ್ತೆ ಕೇಳಿದೆ, ನೆಲ ನೋಡಿದನು. ಮೂರನೆಯ ಸಲ ನನ್ನ ತಾಳ್ಮೆ ತಪ್ಪಿತು. “ಮೂರ್ಖ! ನಿನಗೆ ಹೇಳುವುದೂ ಒಂದೇ, ಈ ಗೋಡೆಗೆ ಹೇಳುವುದೂ ಒಂದೇ” ಎಂದುಬಿಟ್ಟೆ. ಹುಡುಗರು ನಕ್ಕರು. ಅವನು ಕುಳಿತನು.

ಅದೇ ದಿನ ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿದ್ದ ವಿಜ್ಞಾನದ ಉಪಾಧ್ಯಾಯರೊಡನೆ ಆ ಹುಡುಗನ ಮಂದಬುದ್ಧಿಯನ್ನು ಕುರಿತೇ ಮಾತಾಡುತ್ತ ಉಣ್ಣುತ್ತಿದ್ದೆ. ಅನ್ನ ಅರ್ಧ ಮುಗಿದಿತ್ತು. ಆಗ ಎದುರಿನ ಸಾಲಿನಿಂದ ಮೆಲ್ಲನೆಯ ದನಿಯೊಂದು ಕೇಳಿಸಿತು: “ಅಕ್ಕಾರ, ಸಾರಿಗೆ ಉಪ್ಪು ಬಿದ್ದಿಲ್ಲ ನೋಡ್ರಿ.” ಹೇಳಿದವನು ಅದೇ ಹುಡುಗ. ಅಡುಗೆಯ ತಾಯಿ ನಾಲಗೆ ಕಚ್ಚಿಕೊಂಡು ಉಪ್ಪು ತಂದರು. ನಾನು ಅಷ್ಟು ಹೊತ್ತೂ ಸಪ್ಪೆಯ ಸಾರನ್ನು ಉಣ್ಣುತ್ತಿದ್ದೆನೆಂಬುದು ನನಗೆ ಆಗ ತಿಳಿಯಿತು.

ಇದು ಅಲ್ಪ ಸಂಗತಿ. ಅಂದೇ ಮರೆತೂಬಿಡುತ್ತಿದ್ದೆನೇನೋ. ಆದರೆ ಮರುದಿನ ಹುಡುಗಿಯೊಬ್ಬಳು ವಿಜ್ಞಾನದ ಪುಸ್ತಕವನ್ನು ಹಿಡಿದು ಬಂದು, “ಗುರುಗಳೇ, ಮನುಷ್ಯನಿಗೆ ಹೋಮೋ ಸೇಪಿಯನ್ಸ್ ಎಂದು ಹೆಸರಿದೆಯಂತೆ; ಅದರ ಅರ್ಥವೇನು? ಅದಕ್ಕೆ ವಿರುದ್ಧ ಪದ ಯಾವುದು?” ಎಂದು ಕೇಳಿದಳು. ವಿರುದ್ಧ ಪದಗಳ ಅಭ್ಯಾಸವನ್ನು ಕೊಟ್ಟವನು ನಾನೇ. ಲ್ಯಾಟಿನ್ ನನಗೆ ತಿಳಿಯದು. ಅದಕ್ಕಾಗಿ ನಮ್ಮ ಊರಿನ ಚರ್ಚೊಂದರ ವಯೋವೃದ್ಧರಾದ ಪಾದ್ರಿಗಳನ್ನು ಕಂಡು ಕೇಳಿದೆ. ಲ್ಯಾಟಿನ್ನಿಗೂ ಕನ್ನಡಕ್ಕೂ ನಂಟು ಹೊಸದೇನಲ್ಲ. ಕ್ಯಾಥೊಲಿಕ್ ಮಿಶನರಿಗಳು ೧೮೬೧ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಲ್ಯಾಟಿನ್-ಕನ್ನಡ ನಿಘಂಟೊಂದನ್ನು ಅಚ್ಚು ಹಾಕಿಸಿದ್ದರು. ಆ ಹಿರಿಯರು ವಿವರಿಸಿದುದನ್ನು ಕೇಳಿ ನಾನು ಬೆರಗಾದೆ.

ಲ್ಯಾಟಿನ್ನಿನಲ್ಲಿ ‘ಸಾಪೆರೆ’ ಎಂಬ ಕ್ರಿಯಾಪದಕ್ಕೆ ಮೊದಲ ಅರ್ಥ ರುಚಿಯಿರುವುದು, ರುಚಿ ನೋಡುವುದು. ಬಳಿಕ ಬಂದ ಅರ್ಥ ವಿವೇಕದಿಂದಿರುವುದು, ಅರಿಯುವುದು. ‘ಸಾಪೋರ್’ ಎಂದರೆ ರುಚಿ. ‘ಸಾಪಿಯೆನ್ಸ್’ ಎಂದರೆ ರುಚಿಯರಿತವನು, ಎಂದರೆ ವಿವೇಕಿ. ಇದಕ್ಕೆ ನಮ್ಮ ನಞ್ ಸಮಾಸದ ‘ಅ’ಕಾರಕ್ಕೆ ಸೋದರನಾದ ‘ಇನ್’ ಎಂಬುದು ಸೇರಿದರೆ, ಆ ಭಾಷೆಯ ನಿಯಮದಂತೆ ಒಳಗಣ ಅಕಾರವು ಇಕಾರವಾಗಿ ‘ಇನ್ಸಿಪಿಯೆನ್ಸ್’ ಎಂಬ ವಿಶೇಷಣವಾಗುತ್ತದೆ. ಅವಿವೇಕಿ, ಮೂರ್ಖ ಎಂಬುದು ಅದರ ಪ್ರಯೋಗದ ಅರ್ಥ. ರುಚಿಯರಿಯದವನು ಎಂಬುದು ಅದರ ಧಾತುವಿನ ಅರ್ಥ. ಸಪ್ಪೆಯಾದ ಊಟಕ್ಕೆ ಇಂಗ್ಲಿಷಿನಲ್ಲಿ ‘ಇನ್‌ಸಿಪಿಡ್’ ಎನ್ನುವರಷ್ಟೆ. ಅದೂ ಇದೇ ಮನೆತನದ ಶಬ್ದ.

ಆ ಭಾಷೆಯಲ್ಲಿ ಮೂರ್ಖನಿಗೆ ಬೇರೆ ಪದಗಳೂ ಇವೆ. ‘ಸ್ತುಲ್ತುಸ್’ ಎಂಬುದು ಕದಲದ ಜಡಬುದ್ಧಿಯನ್ನು ಹೇಳುತ್ತದೆ. ‘ಇನೆಪ್ತುಸ್’ ಎಂಬುದು ಸ್ಥಳಕಾಲಗಳಿಗೆ ಹೊಂದದೆ ನಡೆಯುವವನನ್ನು ಹೇಳುತ್ತದೆ. ಎಲ್ಲೆಂದರಲ್ಲಿ, ಯಾರೊಡನೆಂದರೆ ಅವರೊಡನೆ ಸೂಕ್ಷ್ಮವಿಷಯಗಳನ್ನು ಚರ್ಚಿಸಹೊರಡುವ ಪಂಡಿತರನ್ನು ಸಿಸೆರೋ ಎಂಬ ರೋಮನ್ ವಾಗ್ಮಿ ಈ ಪದದಿಂದ ಹಾಸ್ಯಮಾಡಿದ್ದಾನೆ. ‘ಫಾತುಉಸ್’ ಎಂಬುದಕ್ಕೆ ಮೂರ್ಖ ಎಂಬ ಅರ್ಥದೊಡನೆ ಸಪ್ಪೆ ಎಂಬ ಅರ್ಥವೂ ಉಂಟು. ‘ಇನ್ಸುಲ್ಸುಸ್’ ಎಂದರೆ ನೇರವಾಗಿ ಉಪ್ಪಿಲ್ಲದವನು. ಹೀಗೆ ಆ ಜನರು ಅವಿವೇಕವನ್ನು ತಲೆಯಲ್ಲಿ ಹುಡುಕದೆ ನಾಲಗೆಯಲ್ಲಿ ಹುಡುಕಿದರು. ಕಸ್ತೂರಿಯ ಪರಿಮಳವನ್ನರಿಯದ ಕತ್ತೆಯನ್ನು ಗಾದೆಗೆ ತಂದ ನಮ್ಮ ಹಿರಿಯರೂ ಅದೇ ದಾರಿಯಲ್ಲಿ ನಡೆದವರಲ್ಲವೆ? ಬೌದ್ಧರ ಧಮ್ಮಪದದಲ್ಲಿಯೂ ಮೂಢನಿಗೆ ಸೌಟಿನ ಹೋಲಿಕೆಯಿದೆ. ಸೌಟು ದಿನವೆಲ್ಲ ಸಾರಿನಲ್ಲಿ ಮುಳುಗಿದ್ದರೂ ಸಾರಿನ ರುಚಿಯನ್ನರಿಯದು. ನಾಲಗೆಗೆ ಒಂದು ತೊಟ್ಟು ಸಾಕು.

ಪಾದ್ರಿಗಳ ಮಾತನ್ನು ಕೇಳಿ ಹಿಂದಿರುಗುವಾಗ ಉಪ್ಪಿಲ್ಲದ ಆ ಸಾರು ನೆನಪಾಯಿತು. ಸೌಟು ಯಾರು, ನಾಲಗೆ ಯಾರು ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನುಷ್ಯನಿಗೆ ಆ ಹೆಸರನ್ನಿಟ್ಟವನು ಸ್ವೀಡನ್ ದೇಶದ ಲಿನೇಯಸ್. ೧೭೫೮ರಲ್ಲಿ ಹೊರಬಂದ ತನ್ನ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಅವನು ಮಾನವಕುಲವನ್ನು ‘ಹೋಮೋ ಸೇಪಿಯನ್ಸ್’ ಎಂದು ಕರೆದನು. ಅದಕ್ಕಿಂತ ಮೊದಲು, ೧೭೩೫ರ ಪ್ರಥಮ ಆವೃತ್ತಿಯಲ್ಲಿ, ಮನುಷ್ಯನ ಹೆಸರಿನ ಮುಂದೆ ಲಕ್ಷಣವನ್ನು ಬರೆಯಬೇಕಾದ ಕಡೆ ಅವನು ಬೇರಾವ ಲಕ್ಷಣವನ್ನೂ ಬರೆಯದೆ, ನಿನ್ನನ್ನು ನೀನೇ ಅರಿತುಕೋ ಎಂಬರ್ಥದ ಪ್ರಾಚೀನ ಸೂಕ್ತಿಯೊಂದನ್ನು ಬರೆದಿದ್ದನು. ಗಿಡ ಮೃಗಗಳನ್ನು ಎಣಿಸುತ್ತ ಬಂದ ವಿಜ್ಞಾನಿಗೂ ಮನುಷ್ಯನ ಬಳಿಗೆ ಬಂದಾಗ ಶರಣರ ಬಾಗಿಲನ್ನೇ ತಟ್ಟಬೇಕಾಯಿತೆಂದರೆ ಅತಿಶಯೋಕ್ತಿಯಾಗಲಾರದು. ತನ್ನ ಅರಿವೇ ತನಗೆ ಗುರುವೆಂಬುದು ಶರಣಸಿದ್ಧಾಂತದ ಜೀವಾಳವಷ್ಟೆ.

ಇನ್ನು ನಮ್ಮ ಸಂಸ್ಕೃತದ ಶಬ್ದಗಳನ್ನು ನೋಡೋಣ. ‘ಮುಹ್’ ಎಂಬ ಧಾತುವಿಗೆ ಎಚ್ಚರ ತಪ್ಪು, ದಿಕ್ಕುಗೆಡು ಎಂದು ಅರ್ಥ. ಮೋಹ ಶಬ್ದವು ಇದರಿಂದ ಬಂದುದು. ಇದೇ ಧಾತುವಿಗೆ ಇದೇ ‘ಕ್ತ’ ಪ್ರತ್ಯಯವು ಪರವಾದಾಗ ಪಾಣಿನಿಯು ವಿಕಲ್ಪವನ್ನು ವಿಧಿಸಿದ್ದಾನೆ. ಹಕಾರಕ್ಕೆ ಢಕಾರವು ಬಂದರೆ ‘ಮೂಢ’ ಎಂದಾಗುತ್ತದೆ. ಘಕಾರವು ಬಂದರೆ ‘ಮುಗ್ಧ’ ಎಂದಾಗುತ್ತದೆ. ತಾಯಿಯೊಬ್ಬಳೇ, ಮಕ್ಕಳಿಬ್ಬರು. ಒಬ್ಬನನ್ನು ಲೋಕವು ಹಳಿಯುತ್ತದೆ, ಇನ್ನೊಬ್ಬನನ್ನು ಮುದ್ದಿಸುತ್ತದೆ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ ಬಗೆ ತೋರುವರು, ಏಕೆಂದರೆ ಇಬ್ಬರಿಗೂ ಲೋಕದ ಜಾಣತನವಿಲ್ಲ. ಭೇದವಿರುವುದು ಒಳಗೆ. ಮೂಢನಿಗೆ ರುಚಿಯ ಅರಿವಿಲ್ಲ. ಮುಗ್ಧನಿಗೆ ರುಚಿಯಲ್ಲದೆ ಬೇರೊಂದರ ಅರಿವಿಲ್ಲ. ಹರಿಹರನು ರಗಳೆಯಲ್ಲಿ ಹಾಡಿದ ಕೋಳೂರ ಕೊಡಗೂಸನ್ನು ನೆನೆಯಿರಿ. ತಂದೆಯು ಊರಿಗೆ ಹೋಗುವಾಗ ಶಿವನಿಗೆ ಹಾಲನ್ನು ಕೊಡೆಂದು ಹೇಳಿದ್ದನು. ಶಿವನು ಹಾಲನ್ನು ನಿಜವಾಗಿ ಕುಡಿಯುವನೆಂದೇ ನಂಬಿದ ಆ ಕೂಸು, ಕುಡಿಯದಿದ್ದಾಗ ಅತ್ತು ಕರೆದು ಕುಡಿಸಿಯೇ ಬಿಟ್ಟಿತು. ಬಲ್ಲವರು ನಿತ್ಯವೂ ಎಡೆಯಿಟ್ಟು ಉಣ್ಣನೆಂದು ತಿಳಿದೇ ಮರಳಿ ತರುತ್ತಿದ್ದರು. ಆ ಬಲ್ಲವರ ಅರಿವಿಗೂ ಈ ಕೂಸಿನ ಅರಿಯದಿರುವಿಕೆಗೂ ಯಾವುದು ಹಿರಿದು?

ಈಗ ನಮ್ಮ ಷಟ್‌ಸ್ಥಲಶಾಸ್ತ್ರದತ್ತ ತಿರುಗೋಣ. ಭಕ್ತನು ಪದಾರ್ಥದ ರೂಪನ್ನು ಇಷ್ಟಲಿಂಗಕ್ಕೂ, ರುಚಿಯನ್ನು ಪ್ರಾಣಲಿಂಗಕ್ಕೂ, ತೃಪ್ತಿಯನ್ನು ಭಾವಲಿಂಗಕ್ಕೂ ಅರ್ಪಿಸಬೇಕೆಂಬುದು ಎಲ್ಲ ಸದ್ಭಕ್ತರಿಗೂ ತಿಳಿದ ಸಂಗತಿ. ರೂಪನ್ನು ಅರ್ಪಿಸುವುದು ಸುಲಭ, ಕೈಯೆತ್ತಿ ತೋರಿದರಾಯಿತು. ರುಚಿಯನ್ನು ಅರ್ಪಿಸಬೇಕಾದರೆ ಮೊದಲು ರುಚಿಯನ್ನರಿಯಬೇಕು. ಅರಿಯಬೇಕಾದರೆ ಮನಸ್ಸು ನಾಲಗೆಯ ಮೇಲೆ ಇರಬೇಕು. ಮನಸ್ಸು ಪರನಿಂದೆಯಲ್ಲಿ ತೊಡಗಿರುವಾಗ ಹೊಟ್ಟೆಗೆ ಹೋದ ಅನ್ನವು ಅರ್ಪಿತವೂ ಅಲ್ಲ, ಪ್ರಸಾದವೂ ಅಲ್ಲ. ಇದಕ್ಕಿಂತ ಸೂಕ್ಷ್ಮವಾದ ಮಾತು ಇನ್ನೊಂದಿದೆ. ಆರು ಇಂದ್ರಿಯಗಳಲ್ಲಿ ಆರು ಲಿಂಗಗಳ ನೆಲೆಯನ್ನು ಹೇಳುವಲ್ಲಿ, ಮೂಗಿನಲ್ಲಿ ಆಚಾರಲಿಂಗವೆಂದೂ ಕಣ್ಣಿನಲ್ಲಿ ಶಿವಲಿಂಗವೆಂದೂ ಹೇಳುವ ಶಾಸ್ತ್ರವು ನಾಲಗೆಯಲ್ಲಿ ಗುರುಲಿಂಗವನ್ನಿರಿಸಿದೆ. ರುಚಿಯನ್ನರಿಯುವುದೂ ನಾಲಗೆ, ನುಡಿಯುವುದೂ ನಾಲಗೆ, ಗುರುವಿನ ಪೀಠವೂ ನಾಲಗೆ. ಬಾಯಲ್ಲಿರುವ ಸಪ್ಪೆಯನ್ನರಿಯಲಾರದ ನನ್ನ ನಾಲಗೆಯು, ಉಪಾಧ್ಯಾಯನೆಂಬ ಹೆಸರನ್ನು ಹೊತ್ತು, ಗುರುಲಿಂಗದ ಆ ಪೀಠದಿಂದಲೇ ಒಂದು ಮಗುವನ್ನು ಮೂರ್ಖನೆಂದು ಕರೆದಿತ್ತು. ಇನ್ಸಿಪಿಯೆನ್ಸ್ ಎಂಬ ವಿಶೇಷಣಕ್ಕೆ ಅಂದು ವಿಶೇಷ್ಯನು ಯಾರೆಂಬುದನ್ನು ಓದುಗರೇ ನಿರ್ಣಯಿಸಲಿ.

ಶರಣರ ಮಾನದಂಡವೂ ಇದೇ. ವೇದಶಾಸ್ತ್ರಗಳನ್ನೋದಿದವನನ್ನು ಅವರು ಓದಿದನೆಂಬ ಕಾರಣಕ್ಕೆ ಹಳಿಯಲಿಲ್ಲ. ಓದಿದುದರ ಸವಿಯನ್ನು ಉಣ್ಣದೆ ಅದರ ಹೊರೆಯನ್ನು ಮಾತ್ರ ಹೊತ್ತವನನ್ನು ಹಳಿದರು. ನಡೆಯಲ್ಲಿ ರುಚಿಯಾಗಿ ಪರಿಣಮಿಸದ ನುಡಿಯು ಅವರಿಗೆ ಸಪ್ಪೆ. ಅನುಭವ ಮಂಟಪವೆಂಬ ಹೆಸರಿನಲ್ಲಿಯೇ ಈ ತತ್ತ್ವವು ಅಡಗಿದೆ. ಅದು ಉಂಡು ನೋಡಿದವರ ಸಭೆ. ಅಲ್ಲಿ ಬಟ್ಟೆ ಒಗೆಯುವ ಮಾಚಯ್ಯನೂ ದೋಣಿ ನಡೆಸುವ ಚೌಡಯ್ಯನೂ ಮಂತ್ರಿಯಾದ ಬಸವಣ್ಣನವರೊಡನೆ ಸಮನಾಗಿ ಕುಳಿತು ನುಡಿದರು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಸಂಗತಿಯನ್ನೇ ತೆಗೆದುಕೊಳ್ಳಿ. ಇವರು ಲಿಂಗಸುಗೂರಿನ ಸೀಮೆಯ ಅಮರೇಶ್ವರದಿಂದ ಕಾಯಕವನ್ನರಸಿ ಕಲ್ಯಾಣಕ್ಕೆ ಬಂದ ಬಡ ದಂಪತಿಗಳೆಂದು ಪ್ರತೀತಿ. ನಮ್ಮ ಶಾಲೆಯ ಆ ಹುಡುಗನ ತಾಯಿತಂದೆಗಳು ಕೂಲಿಗಾಗಿ ಹೊರಟು ಬಂದುದೂ ಅದೇ ಸೀಮೆಯಿಂದ. ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡೊಡನೆ, ಈ ಆಸೆ ನಮಗೆ ತಕ್ಕುದಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿದಳು. ಮಾರಯ್ಯನು ದಡ್ಡನೆ? ಅಲ್ಲ. ಅವನು ಮಹಾಭಕ್ತ. ಆದರೆ ಆ ಒಂದು ಕ್ಷಣ ಅವನಿಗೆ ರುಚಿ ತಪ್ಪಿತು; ಅಳತೆ ಮೀರಿದ ಉಪ್ಪನ್ನು ಲಕ್ಕಮ್ಮನ ನಾಲಗೆಯು ಗುರುತಿಸಿತು. ಆಕೆ ಗಂಡನನ್ನು ಮೂರ್ಖನೆಂದು ಕರೆಯಲಿಲ್ಲವೆಂಬುದನ್ನೂ ಗಮನಿಸಬೇಕು. ತಪ್ಪನ್ನು ತೋರಿದಳು, ತಿದ್ದಿಕೊಳ್ಳುವ ದಾರಿಯನ್ನೂ ತೋರಿದಳು. ತಿದ್ದುವ ನುಡಿಗೂ ಹೆಸರಿಡುವ ನುಡಿಗೂ ಇರುವ ಅಂತರ ಇದು. ಮೊದಲನೆಯದು ಮಾಡಿದ ಕೆಲಸವನ್ನು ಮುಟ್ಟುತ್ತದೆ, ಎರಡನೆಯದು ಆಳನ್ನೇ ಮುದ್ರೆಯೊತ್ತಿ ಮೂಲೆಗೆ ನೂಕುತ್ತದೆ.

ಶೂನ್ಯಸಂಪಾದನೆಯಲ್ಲಿ ಬರುವ ಮರುಳಶಂಕರದೇವರ ಕಥೆಯು ಇನ್ನೂ ತೀಕ್ಷ್ಣವಾದುದು. ಬಸವಣ್ಣನವರ ಮಹಾಮನೆಯ ಪ್ರಸಾದದ ಶೇಷವು ಬೀಳುವೆಡೆಯಲ್ಲಿ ಅವರು ಹಲವು ವರ್ಷ ಮರುಳನಂತೆ ಬಿದ್ದುಕೊಂಡಿದ್ದರು. ಶರಣಗಣವು ನಿತ್ಯವೂ ಓಡಾಡುವ ದಾರಿಯದು, ಯಾರೂ ಗುರುತಿಸಲಿಲ್ಲ. ಪ್ರಭುದೇವರು ಬಂದು ಕೈದೋರಿದಾಗಲೇ, ಕಲ್ಯಾಣದಲ್ಲಿ ಪ್ರಸಾದದ ರುಚಿಯನ್ನು ಪೂರ್ಣವಾಗಿ ಅರಿತವನೊಬ್ಬನು ಬಾಗಿಲಲ್ಲಿಯೇ ಇದ್ದನೆಂದು ಎಲ್ಲರಿಗೂ ತಿಳಿದುದು. ಬಸವಣ್ಣನವರಂತಹ ಮಹಾನುಭಾವರ ಮನೆಯಲ್ಲಿಯೇ ಹೀಗಾಯಿತೆಂದ ಮೇಲೆ, ನಮ್ಮ ನಿಮ್ಮ ಮನೆಯ ಬಾಗಿಲಲ್ಲಿ, ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಯಾರು ಯಾರು ಮರುಳರೆನಿಸಿಕೊಂಡು ಕುಳಿತಿರುವರೋ ಹೇಳಬಲ್ಲವರಾರು?

ಇಲ್ಲಿ ಒಂದು ಶಂಕೆ ಹುಟ್ಟಬಹುದು. “ಹಾಗಾದರೆ ಓದು ಬೇಡವೆ? ಸಂಧಿಯನ್ನು ಕಲಿಯದವನು ಕಲಿತವನಿಗಿಂತ ಮೇಲೆ? ಎಲ್ಲರೂ ಮುಗ್ಧರಾಗಿದ್ದರೆ ಸಾಕೆ?” ಖಂಡಿತವಾಗಿ ಅಲ್ಲ. ಅಜ್ಞಾನವು ಮುಗ್ಧತೆಯ ವೇಷವನ್ನು ತೊಟ್ಟುಕೊಂಡು ಬರುವುದೂ ಉಂಟು. ಮಕ್ಕಳನ್ನು ಓದಿಸುವ ಶ್ರಮಕ್ಕೆ ಹಿಂಜರಿದು, ನಮ್ಮದು ಮುಗ್ಧಭಕ್ತಿ ಎನ್ನುವವನು ಕೊಡಗೂಸಿಗೂ ಅಪಚಾರ ಮಾಡಿದಂತೆ. ಮುಗ್ಧತೆಯು ಬೇಡಿ ಪಡೆಯುವ ವಸ್ತುವಲ್ಲ. ವಿದ್ಯೆಯು ದುಡಿದು ಗಳಿಸಬೇಕಾದ ವಸ್ತು. ಶರಣರು ಜನರ ನುಡಿಯಲ್ಲಿ ವಚನಗಳನ್ನು ರಚಿಸಿದುದೇ ಎಲ್ಲರಿಗೂ ಅರಿವು ದಕ್ಕಲೆಂದು. ಅಕ್ಕರವನ್ನು ಕಲಿಸುವುದು ಗುರುವಿನ ಧರ್ಮ, ಕಲಿಯುವುದು ಶಿಷ್ಯನ ಧರ್ಮ. ನಾನು ಹೇಳುವುದಿಷ್ಟೆ: ಕಲಿಯದಿರುವುದು ಬೇರೆ, ಮೂರ್ಖತನ ಬೇರೆ. ಮೊದಲನೆಯದಕ್ಕೆ ಪಾಠವೇ ಔಷಧ. ಎರಡನೆಯದು ಪಾಠವೆಲ್ಲ ಮುಗಿದ ಮೇಲೂ ಉಳಿಯಬಹುದು, ನನ್ನಲ್ಲಿ ಉಳಿದಿತ್ತು.

ಇನ್ಸಿಪಿಯೆನ್ಸ್ ಎಂಬ ಪದವು ಕ್ರೈಸ್ತರ ಶಾಸ್ತ್ರಗಳಲ್ಲಿ ಪ್ರಸಿದ್ಧವಾದುದು ಒಂದು ಕೀರ್ತನೆಯಿಂದ. ದೇವರಿಲ್ಲವೆಂದು ತನ್ನೊಳಗೇ ಹೇಳಿಕೊಳ್ಳುವವನನ್ನು ಅದರ ಲ್ಯಾಟಿನ್ ಪಾಠವು ಈ ಪದದಿಂದ ಕರೆಯುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಆನ್ಸೆಲ್ಮ್ ಎಂಬ ಯತಿಯು ಆ ಮೂರ್ಖನಿಗೆ ಉತ್ತರವಾಗಿ, ದೇವರ ಅಸ್ತಿತ್ವವನ್ನು ತರ್ಕದಿಂದ ಸಾಧಿಸುವ ಗ್ರಂಥವೊಂದನ್ನು ರಚಿಸಿದನು. ಗೌನಿಲೋ ಎಂಬ ಇನ್ನೊಬ್ಬ ಯತಿಯು ತಾನು ಆಸ್ತಿಕನಾಗಿದ್ದರೂ, ಆ ತರ್ಕದಲ್ಲಿ ದೋಷವಿದೆಯೆಂದು ‘ಮೂರ್ಖನ ಪರವಾಗಿ’ ಎಂಬರ್ಥದ ಹೆಸರಿನಿಂದಲೇ ಆಕ್ಷೇಪವನ್ನು ಬರೆದು ಕಳುಹಿಸಿದನು. ಆನ್ಸೆಲ್ಮನು ಕೋಪಗೊಳ್ಳಲಿಲ್ಲ. ಸಮಾಧಾನವನ್ನು ಬರೆದನು, ಮತ್ತು ಆ ಆಕ್ಷೇಪವನ್ನೂ ತನ್ನ ಸಮಾಧಾನವನ್ನೂ ಗ್ರಂಥದ ಜೊತೆಯಲ್ಲಿಯೇ ಪ್ರತಿಮಾಡಬೇಕೆಂದು ಬಯಸಿದನು. ಮೂರ್ಖನೆಂದು ಕರೆಯಲ್ಪಟ್ಟವನ ಪರವಾಗಿ ಮಾತಾಡಲು ಒಬ್ಬನಿದ್ದನು. ಆ ಮಾತನ್ನು ಕೇಳಲು ಮತ್ತೊಬ್ಬನಿದ್ದನು. ನನ್ನ ತರಗತಿಯಲ್ಲಿ ಆ ಹುಡುಗನ ಪರವಾಗಿ ಯಾರಿದ್ದರು? ನಗುವವರು ಮೂವತ್ತು ಮಂದಿಯಿದ್ದರು.

ನಾನು ಆಮೇಲೆ ವಿಚಾರಿಸಿದಾಗ ತಿಳಿದ ಸಂಗತಿ ಇದು. ಎರಡು ವರ್ಷಗಳಲ್ಲಿ ಅವನು ಮೂರು ಶಾಲೆಗಳನ್ನು ಬದಲಿಸಿದ್ದನು. ಒಂದು ಕಟ್ಟಡಕ್ಕೊಂದು ಶಾಲೆ. ಸಂಧಿಪ್ರಕರಣವನ್ನು ಹೇಳುವ ಹೊತ್ತಿಗೆ ಅವನು ಯಾವ ಶಾಲೆಯಲ್ಲಿಯೂ ಇರಲಿಲ್ಲ. ಕೇಳಿದ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲವೇ ಹೊರತು ಅವನಲ್ಲಿ ಅರಿವಿರಲಿಲ್ಲವೆಂದಲ್ಲ. ಇದನ್ನು ತಿಳಿದ ಮೇಲೆ, ತರಗತಿಯಲ್ಲಿ ಆಡಿದ ಮಾತನ್ನು ತರಗತಿಯಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನಿಶ್ಚಯಿಸಿದೆ. ಆದರೆ ಐವತ್ತು ದಾಟಿದ ಉಪಾಧ್ಯಾಯನಿಗೆ ಹುಡುಗನೆದುರು ತಲೆಬಾಗುವುದು ಸುಲಭವಲ್ಲ. ಇಂದು, ನಾಳೆ, ಸೋಮವಾರ ಎಂದು ದಿನಗಳನ್ನು ದೂಡಿದೆ. ಒಂದು ಸೋಮವಾರ ಅವನ ಜಾಗ ಬರಿದಾಗಿತ್ತು. ಶೆಡ್ಡುಗಳಿದ್ದೆಡೆಗೆ ಹೋಗಿ ನೋಡಿದೆ. ಕಟ್ಟಡಕ್ಕೆ ಬಣ್ಣ ಬಳಿದಾಗಿತ್ತು. ಬುಡದಲ್ಲಿ ಹುಲ್ಲು ಹಾಸುತ್ತಿದ್ದರು. ಶೆಡ್ಡುಗಳಿರಲಿಲ್ಲ. ಎಲ್ಲಿಗೆ ಹೋದರೆಂದು ಕಾವಲುಗಾರನಿಗೂ ತಿಳಿಯದು. ಮರುದಿನ ತರಗತಿಯಲ್ಲಿ, ಅಂದು ನಾನಾಡಿದ ಮಾತು ತಪ್ಪೆಂದು ಉಳಿದ ಮಕ್ಕಳ ಮುಂದೆ ಹೇಳಿದೆ. ಕೇಳಬೇಕಾದವನು ಮಾತ್ರ ಅಲ್ಲಿರಲಿಲ್ಲ.

ಆದುದರಿಂದ ಶರಣಬಂಧುಗಳಲ್ಲಿ ನನ್ನದೊಂದು ಬಿನ್ನಹ. ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ದಡ್ಡ ಎಂಬ ಮಾತು ಕೇಳಿಬರುತ್ತದೆಂಬುದನ್ನು ಒಂದು ವಾರ ಎಣಿಸಿ ನೋಡಿರಿ. ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಮಗನಿಗೆ, ಹೇಳಿದುದನ್ನು ಮರೆತಳೆಂದು ಕೆಲಸದಾಕೆಗೆ, ಯಂತ್ರದ ಗುಂಡಿಯನ್ನು ಒತ್ತಲು ಬಾರದೆಂದು ಮುಪ್ಪಾದ ತಂದೆಗೆ ನಾವು ಈ ಹೆಸರನ್ನಿಡುತ್ತೇವೆ. ಇಟ್ಟವರು ಮರೆಯುತ್ತೇವೆ, ಪಡೆದವರು ಹೊತ್ತುಕೊಂಡು ಹೋಗುತ್ತಾರೆ. ಆ ಮಾತು ನಾಲಗೆಯ ತುದಿಗೆ ಬಂದಾಗ, ಈ ನಾಲಗೆಯಲ್ಲಿ ಗುರುಲಿಂಗವಿದೆಯೆಂಬ ನೆನಪಾಗಲಿ. ಇದು ಈ ಹೊತ್ತು ಯಾವ ರುಚಿಯನ್ನರಿತಿದೆ, ಯಾವುದನ್ನು ಅರ್ಪಿಸಿದೆ ಎಂದು ಒಂದು ಗಳಿಗೆ ತಡೆದು ಕೇಳಿಕೊಳ್ಳೋಣ. ಕೇಳಿಕೊಂಡ ಮೇಲೂ ಮೂರ್ಖನೆಂಬ ಪದವು ಬೇಕೆನಿಸಿದರೆ, ಅದನ್ನು ಮೊದಲು ನಮ್ಮ ಮೇಲೆ ಪ್ರಯೋಗಿಸಿ ನೋಡೋಣ. ಹಾಗೆಯೇ, ಕ್ಷಮೆ ಕೇಳಬೇಕಾದ ಮಾತೊಂದು ಯಾರ ಮನೆಯಲ್ಲಿ ಉಳಿದಿದೆಯೋ ಅವರು ಸೋಮವಾರಕ್ಕೆಂದು ಕಾಯದಿರಲಿ.

ಈಗಲೂ ದಾಸೋಹದಲ್ಲಿ ಮೊದಲ ತುತ್ತನ್ನು ಬಾಯಿಗಿಟ್ಟಾಗ ನಾನು ಮಾತಾಡುವುದಿಲ್ಲ. ಉಪ್ಪು ಬಿದ್ದಿದೆಯೇ ಎಂದು ನೋಡುತ್ತೇನೆ.